ಮೊದಲು ಯಾರು ಇಡಬೇಕು

ಸಕಾತ, ೧೯೮೭ ಸೆಪ್ಟೆಂಬರ್ ೨೪

ದೂರವಾಣಿ ಕಂಪನಿಯ ದೂರು ವಿಭಾಗದವರಿಗೆ,

ಸಮಾಧಿಗಳಿಗೆ ಹೋಗಿಬರುವ ವಾರ ಬಂದಿದೆ. ಗದ್ದೆಯ ಬದುಗಳ ಮೇಲೆ ಕೆಂಪು ಹೂಗಳು ಯಾರೂ ಕರೆಯದಿದ್ದರೂ ಎದ್ದು ನಿಂತಿವೆ. ಇಂಥ ದಿನಗಳಲ್ಲಿ ನಿಮ್ಮ ಕೆಲಸಕ್ಕೆ ಅಡ್ಡ ಬರುತ್ತಿರುವುದಕ್ಕೆ ಕ್ಷಮೆಯಿರಲಿ.

ನನ್ನ ಹೆಸರು ಒಬಾತಾ ಕಿಕುನೊ, ವಯಸ್ಸು ಎಪ್ಪತ್ತೊಂದು. ಜೂನ್‌ನಲ್ಲಿ ನನ್ನವರು ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅವರಿದ್ದಾಗ ನಾನು ಫೋನನ್ನು ಒರೆಸಿಡುತ್ತಿದ್ದೆನೇ ಹೊರತು ಯಾರಿಗೂ ಫೋನ್ ಮಾಡಿದವಳಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅವರು ಹಕೊದಾತೆಯಲ್ಲಿರುವ ತಮ್ಮ ಅಕ್ಕ ನಾರಿತಾ ಸಾದ ಅವರಿಗೆ ಮಾಡುತ್ತಿದ್ದರು. ಆ ಪದ್ಧತಿ ತಪ್ಪಬಾರದೆಂದು ಈಗ ನಾನು ಮಾಡುತ್ತಿದ್ದೇನೆ. ಹವೆ ಹೇಗಿದೆ, ನನ್ನವರ ಪಟದ ಮುಂದೆ ಏನಿಟ್ಟೆ, ಮಂಡಿನೋವು ಹೇಗಿದೆ, ಇಷ್ಟೇ ಮಾತು. ಐದು ನಿಮಿಷವೂ ಹಿಡಿಯದು. ಹೀಗಿದ್ದೂ ಎರಡು ತಿಂಗಳಿಂದ ಬಿಲ್ಲು ಮೊದಲಿನ ಮೂರು ಪಟ್ಟಾಗಿದೆ.

ನಿಮ್ಮ ಕಚೇರಿಗೆ ಫೋನ್ ಮಾಡಿದಾಗ ಒಬ್ಬ ತರುಣ ಮಾತಾಡಿದ.

“ಅಜ್ಜಿ, ಮೊಮ್ಮಕ್ಕಳೇನಾದ್ರೂ ಫೋನ್ ಹಿಡ್ಕೊಂಡು ಆಟ ಆಡಿದ್ರಾ?”

“ನನಗೆ ಮಕ್ಕಳೇ ಇಲ್ಲಪ್ಪ.”

“ಹಾಗಾದ್ರೆ ನೀವೇ ಜಾಸ್ತಿ ಮಾತಾಡಿರ್ತೀರ ಬಿಡಿ.”

ನನ್ನನ್ನು ಬಲ್ಲವರು ಈ ಮಾತು ಆಡಲಾರರು. ಮದುವೆಯಾಗಿ ಬಂದ ದಿನದಿಂದ ಸಾದ ಅತ್ತಿಗೆ ನನ್ನನ್ನು ಬಾಯಿಲ್ಲದವಳು ಎಂದೇ ಕರೆಯುತ್ತಾರೆ. ದೋಷ ಮೀಟರಿನಲ್ಲಿರಬೇಕು. ದಯವಿಟ್ಟು ಪರೀಕ್ಷಿಸಿ.

ಒಬಾತಾ ಕಿಕುನೊ


ಯಾಮಗಾತ, ಅಕ್ಟೋಬರ್ ೩

ಶ್ರೀಮತಿ ಒಬಾತಾ ಅವರಿಗೆ,

ಶರದೃತುವಿನ ತಂಪು ದಿನದಿನಕ್ಕೆ ಹೆಚ್ಚುತ್ತಿರುವ ಈ ಸಮಯದಲ್ಲಿ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇವೆ.

ತಮ್ಮ ಪತ್ರ ತಲುಪಿದೆ. ನಮ್ಮ ಸಿಬ್ಬಂದಿ ಆಡಿದ ಮಾತಿಗೆ ವಿಭಾಗದ ಪರವಾಗಿ ಕ್ಷಮೆ ಯಾಚಿಸುತ್ತೇನೆ. ತಮ್ಮ ದೂರನ್ನು ಇನ್ನು ಮುಂದೆ ನಾನೇ ನೋಡಿಕೊಳ್ಳುವೆ. ಈ ವಿಭಾಗಕ್ಕೆ ಬರುವ ಮುನ್ನ ಬಹಳ ವರ್ಷ ಎಕ್ಸ್‌ಚೇಂಜ್ ಯಂತ್ರಗಳ ನಿರ್ವಹಣೆಯಲ್ಲಿದ್ದೆ. ಆದ್ದರಿಂದ ಎಕ್ಸ್‌ಚೇಂಜಿನಲ್ಲಿರುವ ತಮ್ಮ ಮೀಟರನ್ನು ಬೇರೆಯವರ ಕೈಗೆ ಕೊಡದೆ ಸ್ವತಃ ಪರೀಕ್ಷಿಸಿದೆ. ಅದರಲ್ಲಿ ದೋಷ ಕಂಡುಬರಲಿಲ್ಲ. ತಂತಿಯಲ್ಲಿಯೂ ಇಲ್ಲ.

ಉಳಿದಿರುವ ಸಾಧ್ಯತೆ ಒಂದೇ. ಕೆಲವು ಮನೆಗಳಲ್ಲಿ ಫೋನಿಗೆ ಕಸೂತಿಯ ಹೊದಿಕೆ ಹಾಕಿ ಕೆಳಗೆ ಮೆತ್ತೆ ಇಡುವ ರೂಢಿಯಿದೆ. ಹೊದಿಕೆಯ ಅಂಚು ಸಿಕ್ಕಿಕೊಂಡರೆ ರಿಸೀವರ್ ಇಟ್ಟಂತೆ ಕಂಡರೂ ಪೂರ್ತಿ ಕೂತಿರುವುದಿಲ್ಲ. ಇದನ್ನು ನೋಡಲು ಕುದೊ ಎಂಬ ನಮ್ಮ ಲೈನ್‌ಮನ್ ಮುಂದಿನ ವಾರ ತಮ್ಮಲ್ಲಿಗೆ ಬರುತ್ತಾರೆ.

ತೊಗಾಶಿ ಶುನ್ಸಾಕು
ದೂರು ವಿಭಾಗ


ಸಕಾತ, ಅಕ್ಟೋಬರ್ ೧೨

ತೊಗಾಶಿ ಅವರಿಗೆ,

ಪಕ್ಕದ ಮನೆಯವರು ಒಗರು ಹಣ್ಣುಗಳ ಸಿಪ್ಪೆ ತೆಗೆದು ಚಾವಣಿಯಂಚಿನಲ್ಲಿ ಒಣಗಲು ತೂಗುಹಾಕಿದ್ದಾರೆ. ನಮ್ಮ ಮರದ ಹಣ್ಣನ್ನು ಈ ವರ್ಷ ಕಾಗೆಗಳಿಗೇ ಬಿಟ್ಟಿದ್ದೇನೆ.

ನಿಮ್ಮ ಕುದೊ ಬಂದಿದ್ದರು. ಒಳ್ಳೆಯ ಮನುಷ್ಯ, ಕಾಲ್ಚೀಲದಲ್ಲಿ ತೂತಿದ್ದುದರಿಂದ ಬಾಗಿಲಲ್ಲೇ ನಾಚಿಕೊಂಡು ನಿಂತಿದ್ದರು. ಹೊದಿಕೆ ತೆಗೆದು, ರಿಸೀವರನ್ನು ಹತ್ತಾರು ಸಲ ಎತ್ತಿ ಇಟ್ಟು ನೋಡಿದರು.

“ಅಮ್ಮ, ಹೊದಿಕೆ ನೀವೇ ಹೆಣೆದಿದ್ದಾ?”

“ಹೌದು. ಅದೇ ಕಳ್ಳ ಅಂತ ನಿಮ್ಮ ಸಾಹೇಬ್ರು ಬರೆದಿದಾರೆ.”

“ಛೆ, ಇದು ಪಾಪದ್ದು. ಸರಿಯಾಗೇ ಕೂತ್ಕೊಳ್ತಿದೆ. ನಮ್ಮ ಸಾಹೇಬ್ರು ಯಂತ್ರದಲ್ಲಿ ತಪ್ಪು ಸಿಗದಿದ್ರೆ ಊಟ ಬಿಡ್ತಾರೆ. ಆಮೇಲೆ ಮನುಷ್ಯರಲ್ಲಿ ಹುಡುಕೋಕೆ ಶುರು ಮಾಡ್ತಾರೆ.”

ಅವರ ಮಾತನ್ನು ನಿಮಗೆ ತಿಳಿಸಿದ್ದಕ್ಕೆ ಬೈಯಬೇಡಿ.

ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಫೋನನ್ನು ಹೇಗೆಂದರೆ ಹಾಗೆ ಎಸೆದುಹೋಗುವ ಹೆಂಗಸು ನಾನಲ್ಲ. ಅತ್ತಿಗೆ ನನಗಿಂತ ಏಳು ವರ್ಷ ದೊಡ್ಡವರು. ಅವರು ಇಟ್ಟ ಸದ್ದು ಕೇಳಿದ ಮೇಲೆಯೇ ನಾನು ಇಡುವುದು. ಮಾತು ಮುಗಿದು “ಸರಿ ಹಾಗಾದ್ರೆ” ಎಂದ ಮೇಲೂ ಅವರು ಬೇಗ ಇಡುವುದಿಲ್ಲ. ನಾನು ರಿಸೀವರನ್ನು ಮೆತ್ತೆಯ ಮೇಲೆ ಮಲಗಿಸಿ ಪಕ್ಕದಲ್ಲೇ ಕೂತು ತರಕಾರಿ ಹೆಚ್ಚುತ್ತ ಕಾಯುತ್ತೇನೆ. ಕೆಲವೊಮ್ಮೆ ಅನ್ನವೂ ಬೆಂದುಬಿಡುತ್ತದೆ. ಆ ಹೊತ್ತಿನಲ್ಲಿ ಇಬ್ಬರೂ ಒಂದು ಮಾತೂ ಆಡುವುದಿಲ್ಲವಾದ್ದರಿಂದ ಅದಕ್ಕೂ ಬಿಲ್ಲಿಗೂ ಸಂಬಂಧವಿರಲಾರದು. ಆದರೂ ಎಲ್ಲವನ್ನೂ ತಿಳಿಸಿ ಎಂದು ಕುದೊ ಹೇಳಿದ್ದರಿಂದ ಬರೆದಿದ್ದೇನೆ.

ಒಬಾತಾ ಕಿಕುನೊ


ಯಾಮಗಾತ, ಅಕ್ಟೋಬರ್ ೨೦

ಶ್ರೀಮತಿ ಒಬಾತಾ ಅವರಿಗೆ,

ಬೆಟ್ಟಗಳ ಮೇಲೆ ಮೇಪಲ್ ಎಲೆಗಳು ಕೆಂಪೇರುತ್ತಿರುವ ಸಮಯದಲ್ಲಿ ತಮ್ಮ ಆರೋಗ್ಯವನ್ನು ಹಾರೈಸುತ್ತೇವೆ.

ದೋಷ ಸಿಕ್ಕಿದೆ. ತಾವು ಕೊನೆಯಲ್ಲಿ ಬರೆದ ಸಂಗತಿಯೇ ಕಾರಣ. ಎರಡೂ ಮನೆಗಳ ನಡುವೆ ತಂತಿಯ ಜೋಡಣೆ ಇರುವವರೆಗೂ ಮೀಟರ್ ಓಡುತ್ತದೆ. ಆ ತಂತಿಯಲ್ಲಿ ಮಾತು ಹರಿಯುತ್ತಿದೆಯೋ ಇಲ್ಲವೋ ಎಂಬುದು ಯಂತ್ರಕ್ಕೆ ತಿಳಿಯದು. ಇಬ್ಬರಲ್ಲಿ ಒಬ್ಬರು ರಿಸೀವರ್ ಇಟ್ಟರೂ ಜೋಡಣೆ ಕಳಚುತ್ತದೆ. ತಮ್ಮ ವಿಷಯದಲ್ಲಿ ಇಬ್ಬರೂ ಇಡುತ್ತಿಲ್ಲ.

ಕಾರಣವನ್ನು ನಾನು ಹೀಗೆ ಊಹಿಸುತ್ತೇನೆ. ಹಿರಿಯರು ಇಡುವ ಮುನ್ನ ಕಿರಿಯರು ಇಡಬಾರದೆಂಬುದು ತಮ್ಮ ಮರ್ಯಾದೆ. ಕರೆ ಮಾಡಿದವರೇ ಮೊದಲು ಇಡಬೇಕೆಂಬುದು ತಮ್ಮ ಅತ್ತಿಗೆಯವರ ಮರ್ಯಾದೆಯಾಗಿರಬಹುದು. ಎರಡೂ ಸರಿಯಾದ ನಿಯಮಗಳೇ. ನಮ್ಮ ಕೈಪಿಡಿಯಲ್ಲಿ ಎರಡನ್ನೂ ಮುದ್ರಿಸಿದ್ದೇವೆ. ಎರಡೂ ಒಂದೇ ಕರೆಯಲ್ಲಿ ಎದುರಾದರೆ ಏನು ಮಾಡಬೇಕೆಂದು ಮಾತ್ರ ಮುದ್ರಿಸಿಲ್ಲ.

ಪರಿಹಾರ ಸರಳ. ಮುಂದಿನ ಭಾನುವಾರ ಅತ್ತಿಗೆಯವರೊಂದಿಗೆ ಮಾತಾಡಿ ಒಂದು ಒಪ್ಪಂದಕ್ಕೆ ಬನ್ನಿ. ಮಾತು ಮುಗಿದೊಡನೆ ತಾವು “ಇಡುತ್ತೇನೆ” ಎಂದು ಹೇಳಿ ಇಟ್ಟುಬಿಡಬೇಕು. ಹೇಳಿ ಇಟ್ಟರೆ ಅಗೌರವವಾಗದು.

ಇದರೊಂದಿಗೆ ದೂರು ಇತ್ಯರ್ಥವಾಯಿತೆಂಬ ಚೀಟಿಯಿದೆ. ತಮ್ಮ ಹೆಸರಿನ ಮೊಹರು ಒತ್ತಿ ಹಿಂದಿರುಗಿಸಬೇಕಾಗಿ ಕೋರಿಕೆ.

ತೊಗಾಶಿ ಶುನ್ಸಾಕು


ಸಕಾತ, ನವೆಂಬರ್ ೨

ತೊಗಾಶಿ ಅವರಿಗೆ,

ಗಾಳಿ ಸಮುದ್ರದ ಕಡೆಯಿಂದ ಬೀಸತೊಡಗಿದೆ. ಕಿಟಕಿಗಳಿಗೆ ಹಲಗೆ ಬಡಿಸಿದ್ದೇನೆ, ಮನೆಯಲ್ಲಿ ಹಗಲೂ ದೀಪ ಬೇಕು.

ನೀವು ಊಹಿಸಿದ್ದು ನಿಜ. ನಿನ್ನೆ ಅತ್ತಿಗೆಯನ್ನು ಕೇಳಿದೆ.

“ಅತ್ತಿಗೆ, ಮಾತು ಮುಗಿದ ಮೇಲೆ ನೀವ್ಯಾಕೆ ಫೋನ್ ಇಡ್ತಿರ್ಲಿಲ್ಲ?”

“ಮಾಡಿದೋರು ಇಡ್ಬೇಕು. ನಿನ್ನ ಮುಖದ ಮೇಲೆ ಬಾಗಿಲು ಹಾಕ್ದಂಗೆ ನಾನು ಇಡ್ಲಾ? ನೀನ್ಯಾಕೆ ಇಡ್ತಿರ್ಲಿಲ್ಲ?”

“ನೀವು ದೊಡ್ಡೋರು, ನೀವು ಇಡ್ಲಿ ಅಂತ.”

“ನಲವತ್ತು ವರ್ಷ ಆಯ್ತು, ಇನ್ನೂ ಬಾಯಿಲ್ಲದೋಳೇ ನೀನು.”

“ಅಷ್ಟು ಹೊತ್ತು ನೀವೇನ್ ಮಾಡ್ತಿದ್ರಿ?”

“ಏನ್ಮಾಡ್ತಾರೆ? ಕೂತಿರ್ತಿದ್ದೆ. ನೀನು ಮೂಲಂಗಿ ತುಂಬ ದಪ್ಪಗೆ ಹೆಚ್ತೀಯ. ಚಾಕು ಸದ್ದಲ್ಲೇ ಗೊತ್ತಾಗತ್ತೆ. ನಮ್ಮ ತಮ್ಮ ಅದನ್ನ ಹೇಗೆ ತಿಂತಿದ್ನೋ.”

ಆಮೇಲೆ ಬಿಲ್ಲಿನ ವಿಷಯ ಹೇಳಿದೆ. ಅತ್ತಿಗೆ “ಮೊದ್ಲೇ ಹೇಳೋದಲ್ವಾ” ಎಂದರು. ನಾನು ನೀವು ಹೇಳಿಕೊಟ್ಟ ಹಾಗೆ “ಇಡ್ತೀನಿ” ಎಂದು ಹೇಳಿ ಇಟ್ಟೆ.

ಇನ್ನು ಮುಂದೆ ಬಿಲ್ಲು ಸರಿಯಾಗಿ ಬರುತ್ತದೆ. ನಿಮ್ಮ ಶ್ರಮಕ್ಕೆ ಕೃತಜ್ಞತೆಗಳು. ಚೀಟಿಯನ್ನು ಎಲ್ಲಿಟ್ಟೆನೋ ಕಾಣುತ್ತಿಲ್ಲ.

ಒಬಾತಾ ಕಿಕುನೊ


ಯಾಮಗಾತ, ನವೆಂಬರ್ ೯

ಶ್ರೀಮತಿ ಒಬಾತಾ ಅವರಿಗೆ,

ಇಲ್ಲಿ ಮುಂಜಾನೆ ಮಂಜಿನ ಹುಡಿ ಕಾಣಿಸಿಕೊಂಡಿದೆ.

ಸಮಸ್ಯೆ ಪೂರ್ಣವಾಗಿ ಬಗೆಹರಿದದ್ದು ಬಹಳ ಸಂತೋಷ ತಂದಿದೆ. ಹೆಸರು ಹೇಳದೆ ಈ ಪ್ರಕರಣವನ್ನು ವಿಭಾಗದ ಸಭೆಯಲ್ಲಿ ಉದಾಹರಣೆಯಾಗಿ ಮಂಡಿಸಿದೆ. ಸಹೋದ್ಯೋಗಿಗಳು ಮೆಚ್ಚಿಕೊಂಡರು. ಯಂತ್ರದ ಒಂದು ಬಿಡಿಭಾಗವನ್ನೂ ಬದಲಿಸದೆ ದೋಷವೊಂದನ್ನು ಸರಿಪಡಿಸಿದ್ದು ನನ್ನ ಸೇವಾವಧಿಯಲ್ಲಿ ಇದೇ ಮೊದಲು.

ಮತ್ತೊಂದು ಚೀಟಿಯನ್ನು ಇದರೊಂದಿಗೆ ಇರಿಸಿದ್ದೇನೆ.

ತೊಗಾಶಿ ಶುನ್ಸಾಕು


ಸಕಾತ, ಡಿಸೆಂಬರ್ ೬, ಭಾನುವಾರ

ತೊಗಾಶಿ ಅವರಿಗೆ,

ಹಿಮ ಬೀಳುತ್ತಿದೆ. ಇಲ್ಲಿಯ ಹಿಮ ಮೇಲಿನಿಂದ ಬೀಳುವುದಿಲ್ಲ, ಸಮುದ್ರದಿಂದ ಅಡ್ಡಡ್ಡವಾಗಿ ಬರುತ್ತದೆ.

ಇದು ಫೋನ್ ಮಾಡುವ ಹೊತ್ತು, ಪತ್ರ ಬರೆಯುತ್ತ ಕೂತಿದ್ದೇನೆ. ಒಪ್ಪಂದವಾದ ಮೇಲೆ ಅತ್ತಿಗೆ ಮಾತಿನ ನಡುವೆಯೇ “ಸರಿ ಇಡು, ಇಡು, ಮೀಟರ್ ಓಡತ್ತೆ” ಎನ್ನತೊಡಗಿದರು. ಐದು ನಿಮಿಷವಾಗಿದ್ದದ್ದು ಎರಡಾಯಿತು, ಒಂದಾಯಿತು. ಹೋದ ವಾರ “ತಮ್ಮನ ಹೆಂಡತಿ ದುಡ್ಡಲ್ಲಿ ನಾನು ಹೊತ್ತು ಕಳೀತಿದ್ದೆ ಅಂತ ಗೊತ್ತಿರ್ಲಿಲ್ಲ” ಎಂದರು. ಈ ದಿನ ಫೋನ್ ಎತ್ತಲಿಲ್ಲ. ಬೇನೆಯೇನೂ ಬಂದಿಲ್ಲ. ಅವರ ಪಕ್ಕದ ಮನೆಗೆ ಮಾಡಿ ವಿಚಾರಿಸಿದೆ, ಅಂಗಳದ ಹಿಮ ಗುಡಿಸುತ್ತಿದ್ದಾರಂತೆ.

ನಾನು ನಿಮಗೆ ಒಂದು ಸಂಗತಿ ಬರೆದಿರಲಿಲ್ಲ. ಮೆತ್ತೆಯ ಮೇಲೆ ಮಲಗಿಸಿದ ರಿಸೀವರಿನಿಂದ ನನಗೂ ಸದ್ದುಗಳು ಕೇಳಿಸುತ್ತಿದ್ದವು. ಅತ್ತಿಗೆಯ ಕಬ್ಬಿಣದ ಕೆಟಲು, ಕೆಮ್ಮು, ಬೀದಿಯಲ್ಲಿ ಟ್ರಾಮು ತಿರುಗುವ ಸದ್ದು. ನಾನು ಈ ಕಡೆ ಊಟಕ್ಕೆ ಕೂರುತ್ತಿದ್ದೆ. ನನ್ನವರು ಹೋದ ಮೇಲೆ ಇನ್ನೊಬ್ಬರ ಜೊತೆ ಕೂತು ಊಟ ಮಾಡಿದ್ದು ಆ ಭಾನುವಾರಗಳಲ್ಲಿ ಮಾತ್ರ. ದೂರು ಕೊಡಬಾರದಿತ್ತು.

ನಿಮ್ಮಿಂದ ಒಂದು ಉಪಕಾರವಾಗಬೇಕು. ಅತ್ತಿಗೆ ನನ್ನ ಮಾತು ನಂಬುವುದಿಲ್ಲ. ಕಂಪನಿಯ ಮೊಹರಿದ್ದರೆ ನಂಬುತ್ತಾರೆ. ತಪ್ಪು ಮೀಟರಿನದೇ ಆಗಿತ್ತು, ಈಗ ರಿಪೇರಿಯಾಗಿದೆ, ಮಾತಿಲ್ಲದ ಹೊತ್ತಿಗೆ ಶುಲ್ಕವಿಲ್ಲ ಎಂದು ಅವರಿಗೆ ಒಂದು ಪತ್ರ ಬರೆಯುವಿರಾ? ಬಿಲ್ಲು ಎಷ್ಟೇ ಬರಲಿ, ತುಟಿ ಬಿಚ್ಚದೆ ಕಟ್ಟುತ್ತೇನೆ.

ಒಬಾತಾ ಕಿಕುನೊ


ಯಾಮಗಾತ, ಡಿಸೆಂಬರ್ ೧೪

ಶ್ರೀಮತಿ ಒಬಾತಾ ಅವರಿಗೆ,

ವರ್ಷಾಂತ್ಯದ ಗಡಿಬಿಡಿಯಲ್ಲಿ ಉತ್ತರ ತಡವಾದುದಕ್ಕೆ ಕ್ಷಮಿಸಿ. ಗಡಿಬಿಡಿಯೊಂದೇ ಕಾರಣವಲ್ಲ. ತಮ್ಮ ಪತ್ರಕ್ಕೆ ಮೂರು ಬಾರಿ ಉತ್ತರ ಬರೆದು ಹರಿದು ಹಾಕಿದ್ದೇನೆ.

ತಾವು ಕೇಳಿದ ಪತ್ರವನ್ನು ನಾನು ಬರೆಯಲಾರೆ. ತಮ್ಮ ಮೀಟರ್ ಸರಿಯಾಗಿದೆ ಎಂದು ಪರೀಕ್ಷಿಸಿ ಸಹಿ ಹಾಕಿದವನು ನಾನೇ. ಸರಿಯಿರುವ ಯಂತ್ರದ ಮೇಲೆ ಕಂಪನಿಯ ಹೆಸರಿನಲ್ಲಿ ತಪ್ಪು ಹೊರಿಸುವುದು ನನ್ನಿಂದಾಗದು. ಇಂಥ ಪತ್ರ ಒಮ್ಮೆ ಹೊರಬಿದ್ದರೆ ನಾವು ಕೊಡುವ ಯಾವ ಉತ್ತರಕ್ಕೂ ಬೆಲೆಯಿರುವುದಿಲ್ಲ.

ಮಾತು ಮುಗಿದ ಮೇಲೆ ಯಾರೂ ಫೋನ್ ಇಡದೆ ಉಳಿಯುವ ಕರೆಗಳ ಅನುಭವ ನನಗಿಲ್ಲವಾದ್ದರಿಂದ ಪರಿಹಾರ ಸೂಚಿಸುವಾಗ ಅವಸರಪಟ್ಟಿರಬಹುದು. ಕೆಲಸದ ಕಾರಣ ನಾನು ಒಬ್ಬನೇ ಈ ಊರಿನಲ್ಲಿದ್ದೇನೆ, ಕುಟುಂಬ ಸೆಂದಾಯ್‌ನಲ್ಲಿದೆ. ನನ್ನ ಮನೆಗೆ ನಾನು ಮಾಡುವ ಕರೆಗಳಲ್ಲಿ ಇಂಥ ಸಮಸ್ಯೆ ಎದುರಾಗಿಲ್ಲ.

ತೊಗಾಶಿ ಶುನ್ಸಾಕು


ಯಾಮಗಾತ, ೧೯೮೮ ಜನವರಿ ೧೮

ಶ್ರೀಮತಿ ಒಬಾತಾ ಅವರಿಗೆ,

ವರ್ಷದ ಅತಿ ಹೆಚ್ಚಿನ ಚಳಿಯ ದಿನಗಳಿವು. ತಮ್ಮ ಮನೆಯ ಚಾವಣಿಯ ಹಿಮವನ್ನು ಯಾರಾದರೂ ತೆಗೆದುಕೊಡುತ್ತಿದ್ದಾರೆಂದು ಭಾವಿಸುತ್ತೇನೆ.

ಮೊದಲಿಗೆ ಒಂದು ಅಪರಾಧಕ್ಕೆ ಕ್ಷಮೆ ಕೇಳಬೇಕು. ಹೊಸ ವರ್ಷದಂದು ನಮ್ಮ ವಿಭಾಗದಿಂದ ತಮಗೆ ಶುಭಾಶಯದ ಕಾರ್ಡು ಬಂದಿರುತ್ತದೆ. ಸಾವಿನ ವರ್ಷ ಕಳೆಯದ ಮನೆಗೆ ಅದು ಹೋಗಬಾರದಾಗಿತ್ತು. ಪತಿಯವರ ವಿಷಯವನ್ನು ತಾವು ಮೊದಲ ಪತ್ರದಲ್ಲೇ ಬರೆದಿದ್ದಿರಿ. ಆ ಪತ್ರವನ್ನು ಓದಿದವನು ನಾನು, ಕಾರ್ಡು ಕಳಿಸಬೇಕಾದವರ ಹೆಸರುಗಳನ್ನು ಕೊಟ್ಟವನೂ ನಾನೇ.

ಎರಡನೆಯದಾಗಿ, ಈ ತಿಂಗಳು ಎಕ್ಸ್‌ಚೇಂಜಿಗೆ ಬೇರೆ ಕೆಲಸಕ್ಕೆ ಹೋದಾಗ ತಮ್ಮ ಮೀಟರನ್ನು ನೋಡಿಬಂದೆ. ಡಿಸೆಂಬರ್‌ನಲ್ಲಿ ನಿಂತಲ್ಲೇ ನಿಂತಿದೆ. ತಂತಿ ಪರೀಕ್ಷಿಸಿದೆ, ಕಡಿದಿಲ್ಲ. ಫೋನಿನಲ್ಲಿ ಏನಾದರೂ ತೊಂದರೆಯಿದ್ದರೆ ತಿಳಿಸಿ.

ತೊಗಾಶಿ ಶುನ್ಸಾಕು


ಸಕಾತ, ಜನವರಿ ೩೦

ತೊಗಾಶಿ ಅವರಿಗೆ,

ಚಳಿ ಇದೆ.

ಫೋನು ಸರಿಯಾಗಿದೆ. ಅತ್ತಿಗೆಯಿಂದ ಕಾರ್ಡು ಬಂದಿತ್ತು, “ಫೋನಿನಲ್ಲಿ ಹೇಳುವಂಥದ್ದೇನೂ ಇಲ್ಲ, ಜೂನ್‌ನಲ್ಲಿ ತಮ್ಮನ ವರ್ಷದ ಪೂಜೆಗೆ ಬರಲಾದರೆ ಬರುತ್ತೇನೆ” ಎಂದಿದ್ದಾರೆ. ನಿಮ್ಮ ಶುಭಾಶಯದ ಕಾರ್ಡಿನ ವಿಷಯವನ್ನು ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಈ ವರ್ಷ ಹೊಸ ವರ್ಷಕ್ಕೆ ನನಗೆ ಬಂದದ್ದು ಅದೊಂದೇ.

ಚೀಟಿ ಸಿಕ್ಕಿತು. ಮೊಹರು ಒತ್ತಿ ಇದರೊಂದಿಗೆ ಕಳಿಸಿದ್ದೇನೆ. ನನ್ನ ದೂರು ಇತ್ಯರ್ಥವಾಗಿದೆ.

ಒಬಾತಾ ಕಿಕುನೊ


ಯಾಮಗಾತ, ಫೆಬ್ರುವರಿ ೭

ಹಕೊದಾತೆಯ ಶ್ರೀಮತಿ ನಾರಿತಾ ಸಾದ ಅವರಿಗೆ,

ಪರಿಚಯವಿಲ್ಲದವನು ಪತ್ರ ಬರೆಯುತ್ತಿರುವ ಉದ್ಧಟತನವನ್ನು ಮನ್ನಿಸಿ. ತಮ್ಮ ತಮ್ಮನ ಪತ್ನಿ ಒಬಾತಾ ಕಿಕುನೊ ಅವರ ದೂರನ್ನು ವಿಚಾರಿಸಿದ ದೂರವಾಣಿ ಕಂಪನಿಯ ನೌಕರ ನಾನು. ತಮ್ಮ ವಿಳಾಸವನ್ನು ಎಲ್ಲರಿಗೂ ಸಿಗುವ ದೂರವಾಣಿ ಪುಸ್ತಕದಲ್ಲಿ ನೋಡಿಕೊಂಡೆ. ಇದು ಕಂಪನಿಯ ಪತ್ರವಲ್ಲ. ಗ್ರಾಹಕರೊಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತಿಳಿಸುವುದು ನಮ್ಮಲ್ಲಿ ನಿಷಿದ್ಧ. ತಾವು ಕಚೇರಿಗೆ ದೂರು ಕೊಟ್ಟರೆ ನಾನು ಅಲ್ಲಗಳೆಯುವುದಿಲ್ಲ.

ಮಾತಿಲ್ಲದ ಹೊತ್ತಿಗೆ ಶುಲ್ಕವಿಲ್ಲವೆಂದು ತಮಗೆ ಬರೆಯುವಂತೆ ಕಿಕುನೊ ಅವರು ಡಿಸೆಂಬರ್‌ನಲ್ಲಿ ನನ್ನನ್ನು ಕೇಳಿಕೊಂಡರು. ಅದು ಸುಳ್ಳಾದುದರಿಂದ ಬರೆಯಲಿಲ್ಲ. ಈಗ ನಿಜವನ್ನು ಬರೆಯುತ್ತಿದ್ದೇನೆ. ಮಾತಿಗೂ ಮೌನಕ್ಕೂ ಒಂದೇ ದರ. ತಮ್ಮ ಮನೆಯ ಕೆಟಲಿನ ಸದ್ದು ಕೇಳುತ್ತ ಅವರು ಊಟ ಮಾಡಿದ ಪ್ರತಿ ನಿಮಿಷಕ್ಕೂ ಪೂರ್ತಿ ಶುಲ್ಕ ಬಿದ್ದಿದೆ. ಇದನ್ನು ಅವರು ಚೆನ್ನಾಗಿ ಬಲ್ಲರು. ಬಲ್ಲವರಾಗಿಯೂ ಅದನ್ನು ಮತ್ತೆ ಕೊಳ್ಳಲು ಬಯಸುತ್ತಾರೆ. ತಾವು ಬೇಡವೆಂದೀರಿ ಎಂಬ ಭಯಕ್ಕೆ ಕಂಪನಿಯ ಮೊಹರನ್ನು ಕೇಳಿದರು.

ಅವರ ಫೋನಿನ ಮೀಟರ್ ಎರಡು ತಿಂಗಳಿಂದ ಕದಲಿಲ್ಲ. ಇಷ್ಟು ವರ್ಷಗಳಲ್ಲಿ ಅನೇಕ ಮೀಟರುಗಳನ್ನು ನೋಡಿದ್ದೇನೆ. ಕದಲದ ಮೀಟರನ್ನು ದೋಷವೆಂದು ಯಾರೂ ದೂರುವುದಿಲ್ಲ. ಅದನ್ನು ದೋಷವೆಂದು ನಾನು ದಾಖಲಿಸಲಾರೆ. ತಮಗೆ ತಿಳಿಸಬಲ್ಲೆ, ಅಷ್ಟೇ.

ತೊಗಾಶಿ ಶುನ್ಸಾಕು


ಹಕೊದಾತೆ, ಮಾರ್ಚ್ ೧೬

ತೊಗಾಶಿ ಎಂಬವರಿಗೆ,

ಹಿಮ ಕರಗಿ ಬೀದಿಯೆಲ್ಲ ರಾಡಿ. ಬೇರೆ ಬಣ್ಣಿಸುವಂಥದ್ದೇನೂ ಇಲ್ಲ.

ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಮ್ಮ ಮನೆಯ ಮಾತನ್ನು ಕಿಕುನೊ ಗುರುತಿಲ್ಲದ ಗಂಡಸಿಗೆ ಹೇಳಿಕೊಂಡಿದ್ದಾಳೆ. ನೀವೋ, ಹೇಳಬಾರದೆಂದು ಬರೆದು ಅದೇ ಕಾಗದದಲ್ಲಿ ಎಲ್ಲವನ್ನೂ ಹೇಳಿದ್ದೀರಿ. ಒಂದು ವಾರ ಪತ್ರವನ್ನು ಅಕ್ಕಿಯ ಡಬ್ಬದ ಹಿಂದೆ ತುರುಕಿಟ್ಟಿದ್ದೆ. ಆಮೇಲಿನ ಭಾನುವಾರ ನಾನೇ ಫೋನ್ ಮಾಡಿದೆ.

“ಕಿಕುನೊ, ನಾನು.”

“ಅತ್ತಿಗೆ! ಏನಾಯ್ತು? ಯಾರಿಗೇನಾಯ್ತು?”

“ಯಾರಿಗೇನಾಗ್ಬೇಕು? ಉಳ್ದಿರೋರು ನಾವಿಬ್ರೇ, ಇಬ್ರೂ ಮಾತಾಡ್ತಾ ಇದೀವಿ.”

“ನೀವು ಯಾವತ್ತೂ ಮಾಡಿದೋರಲ್ಲ, ಅದಕ್ಕೇ ಗಾಬರಿ ಆಯ್ತು.”

“ಇನ್ಮೇಲೆ ನಾನೇ ಮಾಡೋದು. ನೀನು ಮಾಡಿದ್ರೆ ಎತ್ತಲ್ಲ.”

“ಬಿಲ್ಲು ಬರತ್ತಲ್ಲ ಅತ್ತಿಗೆ.”

“ನನ್ನ ಬಿಲ್ಲು. ನಿನಗ್ಯಾಕೆ? ಹೋಗು, ಅಡುಗೆ ನೋಡು. ಫೋನ್ ಅಲ್ಲೇ ಇರ್ಲಿ.”

ನೀವು ನಿಯಮ ಬಲ್ಲವರು, ಕೇಳಿ. ಹಿರಿಯಳೂ ನಾನೇ, ಕರೆ ಮಾಡಿದವಳೂ ನಾನೇ. ಅವಳದ್ದೋ ನನ್ನದೋ, ಯಾವ ಮರ್ಯಾದೆಯ ಪ್ರಕಾರ ನೋಡಿದರೂ ಇಡಬೇಕಾದವಳು ನಾನೊಬ್ಬಳೇ. ನಾನು ಇಡುವುದಿಲ್ಲ. ಅವಳಿಗೆ ಇಡುವ ಹಕ್ಕಿಲ್ಲ. ನಿಮ್ಮ ಕಂಪನಿಗೆ ನಾನು ದೂರು ಕೊಡುವುದಿಲ್ಲ, ಬಿಲ್ಲಿನ ಬಗ್ಗೆಯೂ ಇಲ್ಲ, ನಿಮ್ಮ ಬಗ್ಗೆಯೂ ಇಲ್ಲ. ಅಂದ ಹಾಗೆ ಕ್ಯಾಲೆಂಡರ್ ನೋಡಿದೆ, ನೀವು ಆ ಪತ್ರ ಬರೆದದ್ದು ಭಾನುವಾರ. ಭಾನುವಾರ ಮಾಡಲು ನಿಮಗೆ ಬೇರೆ ಕೆಲಸವಿಲ್ಲವೇ?

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಕಿಕುನೊ ಊಟ ಮಾಡಿ ಫೋನಿನ ಪಕ್ಕದಲ್ಲೇ ಒರಗಿ ನಿದ್ದೆಹೋದಳು. ಉಸಿರು ಕೇಳಿಸುತ್ತಿತ್ತು. ಗೊರಕೆಯೂ ಹೊಡೆಯುತ್ತಾಳೆ, ಅವಳಿಗೆ ಹೇಳಬೇಡಿ. ಹಿಂದಿನ ವಾರಗಳಲ್ಲಿ ತನಗೆ ನಿದ್ದೆಯೇ ಬರುತ್ತಿಲ್ಲ ಎಂದಿದ್ದಳು. ಆದ್ದರಿಂದ ನಾನು ಕದಲದೆ ಕೂತೆ, ಕೆಟಲನ್ನೂ ಒಲೆಯಿಂದ ಇಳಿಸಿದೆ. ಆದರೆ ಎಷ್ಟೆಂದು ಕೂರಲಿ? ಕೊನೆಗೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಆದಷ್ಟು ಮೆಲ್ಲಗೆ ಇಟ್ಟೆ.

ನೀವು ಯಂತ್ರ ಬಲ್ಲವರು. ಎಷ್ಟು ಮೆಲ್ಲಗೆ ಇಟ್ಟರೆ ಆ ಕಡೆ ಸದ್ದಾಗುವುದಿಲ್ಲ? ಅವಳಿಗೆ ಎಚ್ಚರವಾಗಬಾರದು.

ನಾರಿತಾ ಸಾದ


ಯಾಮಗಾತ, ಮಾರ್ಚ್ ೨೭

ಶ್ರೀಮತಿ ನಾರಿತಾ ಅವರಿಗೆ,

ಇಲ್ಲಿ ನದಿಯ ನೀರು ಏರಿದೆ, ದಡದ ವಿಲೋಗಳು ಚಿಗುರಿವೆ.

ತಾವು ಕೇಳಿದ ಪ್ರಶ್ನೆಗೆ ಉತ್ತರ ಹೀಗಿದೆ. ಎಷ್ಟೇ ಮೆಲ್ಲಗೆ ಇಟ್ಟರೂ ಆ ಕಡೆ ಸದ್ದಾಗುತ್ತದೆ. ಅದು ರಿಸೀವರಿನ ಸದ್ದಲ್ಲ, ಜೋಡಣೆ ಕಳಚಿದ ಸದ್ದು. ಅದನ್ನು ತಪ್ಪಿಸುವ ಉಪಾಯ ನಮ್ಮಲ್ಲಿಲ್ಲ.

ಆದರೆ ಮಲಗಿದವರು ಎಚ್ಚರಗೊಳ್ಳುವಷ್ಟು ದೊಡ್ಡ ಸದ್ದಲ್ಲ ಅದು. ಎಚ್ಚರವಿದ್ದು ಕಿವಿಗೊಟ್ಟವರಿಗೆ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಕೇಳಿದ ಮೇಲೂ ಕೆಲವರು ರಿಸೀವರನ್ನು ಸ್ವಲ್ಪ ಹೊತ್ತು ಕಿವಿಯಲ್ಲಿಯೇ ಹಿಡಿದಿರುತ್ತಾರೆ.

ಅದಕ್ಕೆ ಶುಲ್ಕವಿಲ್ಲ.

ತೊಗಾಶಿ ಶುನ್ಸಾಕು